ಮೊದಲ ತುತ್ತಿಗೆ ಮುನ್ನ

ಸಿನಿಮಾ ಕಲಿಯುತ್ತಿದ್ದ ಇಂದುಧರ ಬೆಳಿಗ್ಗೆಯೇ ಬಂದು ಗುರುಗಳ ಎದುರು ಕುಳಿತ. ಗೆಳೆಯರು ತೆಗೆಯುತ್ತಿದ್ದ ಚಿತ್ರದಲ್ಲಿ ಅವನಿಗೆ ಕಂಟಿನ್ಯೂಟಿ, ಅಂದರೆ ಬೇರೆ ಬೇರೆಯಾಗಿ ಹಿಡಿದ ತುಂಡುಗಳು ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವ ಕೆಲಸ ಬಂದಿತ್ತು. ಅದು ಅವನಿಗೆ ಬೇಡವಾಗಿತ್ತು.

"ಗುರುಗಳೇ, ಲೋಟ ಯಾವ ಕೈಯಲ್ಲಿತ್ತು, ಸೆರಗು ಯಾವ ಹೆಗಲ ಮೇಲಿತ್ತು ಎಂದು ನೆನಪಿಟ್ಟುಕೊಂಡು ಏನು ಫಲ? ಎಲ್ಲವೂ ಸರಿಯಾಗಿದ್ದರೆ ನನ್ನ ಕೆಲಸ ಯಾರಿಗೂ ಕಾಣುವುದೇ ಇಲ್ಲ."

ಸಂಕಲನಕಾರ ಧರಣೇಂದ್ರಯ್ಯನವರು ನಕ್ಕು ಹೇಳತೊಡಗಿದರು.

ಒಬ್ಬ ಮುದುಕನಿದ್ದ. ಬದುಕಿಡೀ ನಾಟಕವಾಡಿದವನು. ಹೆಂಡತಿ ತೀರಿಕೊಂಡ ಮೇಲೆ ಬಣ್ಣ ಹಚ್ಚಿರಲಿಲ್ಲ. ಕೆಲವು ಹುಡುಗರು ಬಂದು ಒತ್ತಾಯಿಸಿದರು, ಅವರ ಸಿನಿಮಾಕ್ಕೆ ಒಪ್ಪಿಕೊಂಡ.

ಅವನದು ಊಟದ ದೃಶ್ಯ. ನಾಟಕದಲ್ಲಾದರೆ ಒಂದೇ ಸಲ ಕುಳಿತು ಉಂಡು ಏಳಬಹುದಿತ್ತು. ಇಲ್ಲಿ ಅದೇ ಊಟವನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಹಿಡಿಯಬೇಕಿತ್ತು. ಎರಡರಲ್ಲೂ ಕೈ ಒಂದೇ ರೀತಿ ಆಡದಿದ್ದರೆ ತುಂಡುಗಳು ಕೂಡಿಕೊಳ್ಳುವುದಿಲ್ಲ. ದೂರದ್ದು ಚೆನ್ನಾಗಿ ಬಂತು. ಹತ್ತಿರದಿಂದ ಹಿಡಿಯುವಾಗ ಮುದುಕ ಒಮ್ಮೆ ನೀರು ಮೊದಲು ಕುಡಿದ, ಒಮ್ಮೆ ಅನ್ನ ಮೊದಲು ಕಲಸಿದ. ನಿರ್ದೇಶಕನ ತಾಳ್ಮೆ ಕೆಟ್ಟಿತು. ಬೇರೆಯವರನ್ನು ಕರೆಸೋಣ ಎಂದು ಅವನು ಪಿಸುಗುಟ್ಟಿದ್ದು ಮುದುಕನ ಕಿವಿಗೂ ಬಿತ್ತು. ತನ್ನ ಕಾಲ ಮುಗಿಯಿತೆಂದುಕೊಂಡು ಅವನು ಕೈ ತೊಳೆದು ಚಪ್ಪಲಿ ಹುಡುಕಿದ.

ಕಂಟಿನ್ಯೂಟಿ ನೋಡುತ್ತಿದ್ದ ಹುಡುಗಿ ಹತ್ತಿರ ಬಂದಳು.

"ತಾತ, ಸ್ವಲ್ಪ ಕೂತ್ಕೊಳ್ಳಿ. ಮೊದಲ ಸಲ ನೀವು ಅನ್ನದಲ್ಲಿ ಗುಳಿ ಮಾಡಿ ಸಾರು ಹಾಕಿಕೊಂಡಿರಿ, ಕಲಸಿದಿರಿ. ತುತ್ತು ಎತ್ತಿ, ಬಾಯಿಗೆ ಇಡೋ ಮುಂಚೆ ಅಡುಗೆಮನೆ ಬಾಗಿಲು ನೋಡಿದಿರಿ. ಕೈ ಒಂದೊಂದು ಸಲ ಒಂದೊಂದು ಥರ ಹೋಯ್ತು. ಆದರೆ ಬಾಗಿಲು ಮಾತ್ರ ಪ್ರತಿ ಸಲವೂ ನೋಡಿದ್ದೀರಿ."

"ನಾನು ನೋಡಿದೆನೇನಮ್ಮಾ?"

"ಹೌದು ತಾತ. ಒಂದು ಸಲವೂ ಬಿಟ್ಟಿಲ್ಲ."

ಮುದುಕ ಆ ಬಾಗಿಲ ಕಡೆ ತಿರುಗಿದ. ಅವನ ಹೆಂಡತಿ ಊಟ ಬಡಿಸಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನು ಮೊದಲ ತುತ್ತು ಉಂಡು, ಉಪ್ಪು ಸರಿಯಾಗಿದೆ ಎಂದು ತಲೆಯಾಡಿಸಿದ ಮೇಲೆಯೇ ಒಳಗೆ ಹೋಗುತ್ತಿದ್ದಳು. ಈಗ ಈ ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಕಣ್ಣು ತಾನಾಗಿ ಅತ್ತ ಹೋಗುತ್ತಿತ್ತು.

ಅವನು ಮತ್ತೆ ತಟ್ಟೆಯ ಮುಂದೆ ಕುಳಿತ. ಈ ಸಲ ಕೈ ತಡವರಿಸಲಿಲ್ಲ. ಗುಳಿ, ಸಾರು, ತುತ್ತು, ಬಾಗಿಲು, ಎಲ್ಲವೂ ಮೊದಲಿನಂತೆಯೇ ಬಂದವು. ಸಂಕಲನಕ್ಕೆ ಕುಳಿತಾಗ ಹುಡುಗರು, ಅವನು ಬಾಗಿಲ ಕಡೆ ಕತ್ತು ತಿರುಗಿಸುವ ಕ್ಷಣದಲ್ಲೇ ದೂರದ್ದನ್ನು ಕತ್ತರಿಸಿ ಹತ್ತಿರದ್ದನ್ನು ಜೋಡಿಸಿದರು. ಚಿತ್ರ ನೋಡಿದವರು ಕಣ್ಣೊರೆಸಿಕೊಂಡರು. ಎರಡು ತುಂಡುಗಳು ಸೇರಿದ ಜಾಗ ಒಬ್ಬರಿಗೂ ತಿಳಿಯಲಿಲ್ಲ.

ಇಂದುಧರ ತಡೆಯಲಾರದೆ ಕೇಳಿದ: "ಹಾಗಾದರೆ ಆ ಹುಡುಗಿಯ ಕೆಲಸವೂ ಯಾರಿಗೂ ಕಾಣಲಿಲ್ಲವಲ್ಲ, ಗುರುಗಳೇ?"

ಧರಣೇಂದ್ರಯ್ಯನವರು ಹೇಳಿದರು: "ಕಾಣಲಿಲ್ಲ ಮಗು, ಆದರೆ ತಾನು ಉಣ್ಣುವುದನ್ನು ನೋಡುವವರು ಇನ್ನೂ ಒಬ್ಬರಿದ್ದಾರೆ ಎಂದು ಆ ಮುದುಕನಿಗೆ ತಿಳಿಯಿತು."

ಇಂದುಧರ ಎದ್ದು ಕೆಲಸಕ್ಕೆ ಹೊರಟ.