ಮಸೂತಿ ಪಕ್ಕದ ಖಾಲಿ ಮನೆ

ಆ ಸೀಮೆಯಲ್ಲಿ ಪಕ್ಷಭೇದವಿಲ್ಲದೆ ಎಲ್ಲರೂ ಒಂದು ಮಾತನ್ನು ನಂಬಿದ್ದರು. ಪರಧರ್ಮವನ್ನು ಹೇಗೆ ಗೌರವಿಸಬೇಕೆಂದು ತಿಳಿಯಬೇಕಾದರೆ ಹೊಳೆಯಾಚೆಯ ಊರನ್ನು ನೋಡಬೇಕು. ಅಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ, ಆದರೂ ಇಡೀ ಊರು ಮೊಹರಂ ಮಾಡುತ್ತದೆ. ಆ ಕ್ಷೇತ್ರದಿಂದ ಗೆದ್ದ ಮಂತ್ರಿಗೆ ‘ಸೌಹಾರ್ದ ಭೂಷಣ’ ಎಂಬ ಬಿರುದು ಕೊಡಬೇಕೆಂದು ಮಠದ ಭಕ್ತ ಮಂಡಳಿ ತೀರ್ಮಾನಿಸಿತು. ಬಿನ್ನವತ್ತಳೆ ಬರೆಯುವ ಕೆಲಸ ಶಿಷ್ಯ ಅಡಿವೆಪ್ಪನ ಪಾಲಿಗೆ ಬಂತು. ಅವನು ಕಾಗದ ಹಿಡಿದು ಗುರುಗಳ ಬಳಿ ಹೋದ.

“ಅಜ್ಜಾರ, ಇಸ್ಲಾಂ ಧರ್ಮದ ಬಗ್ಗೆ ಮಂತ್ರಿಗಳ ಮನೋಭಾವ ಎಂಥದು ಎಂದು ಬರೆಯಲಿ?”

ಗುರುಗಳು ಅದಕ್ಕೆ ನೇರವಾಗಿ ಉತ್ತರಿಸಲಿಲ್ಲ. ಆ ಊರಿನದೇ ಒಂದು ಕತೆ ಹೇಳಿದರು.

ಆ ಊರಿನ ಮಸೂತಿಯಲ್ಲಿ ಐದು ಪಂಜಾಗಳಿವೆ. ಪಂಜಾ ಎಂದರೆ ಕೋಲಿನ ತುದಿಗೆ ಕೂರಿಸಿದ ಲೋಹದ ಹಸ್ತ. ಊರವರು ಅವನ್ನು ಅಲಾಯಿ ದೇವರು ಎನ್ನುತ್ತಾರೆ. ವರ್ಷವೆಲ್ಲ ಪೆಟ್ಟಿಗೆಯಲ್ಲಿದ್ದು, ಮೊಹರಂ ಬಂದಾಗ ಹೊರಬರುತ್ತವೆ. ಮೊದಲ ಪಂಜಾ ಹೊರುವ ಹಕ್ಕು ಗೌಡನ ಮನೆತನದ್ದು. ಹೆಂಗಸರು ಚೊಂಗೆ ಎಂಬ ಸಿಹಿ ರೊಟ್ಟಿ ಮಾಡಿ ತರುತ್ತಾರೆ, ಹರಕೆ ಹೊತ್ತವರು ದೇವರ ಮುಂದೆ ಸಕ್ಕರೆ ಇಟ್ಟು ಫಾತೆಹಾ ಓದಿಸುತ್ತಾರೆ. ಓದುವುದು ಮಾತ್ರ ಊರಲ್ಲಿ ಯಾರಿಗೂ ಬರುವುದಿಲ್ಲ. ಅದಕ್ಕೆಂದು ತಾಲ್ಲೂಕಿನಿಂದ ಒಬ್ಬ ಮುಲ್ಲಾನನ್ನು ಕರೆಸುತ್ತಾರೆ. ಅವನು ಹತ್ತು ದಿನ ಮಸೂತಿಯಲ್ಲೇ ಇದ್ದು, ದೇವರು ಹೊಳೆಗೆ ಹೋದ ಮೇಲೆ ತಾನೂ ಹೊರಡುತ್ತಾನೆ. ಇಪ್ಪತ್ತಾರು ವರ್ಷ ಹೀಗೆಯೇ ನಡೆದಿತ್ತು. ಯಾರ ಮನೆಯಲ್ಲಿ ಯಾವ ಮಗುವಿಗೆ ಯಾವ ಕಾಯಿಲೆ ಎಂಬುದು ಮುಲ್ಲಾನಿಗೆ ಗೊತ್ತಿತ್ತು. ಅವನಿಗೆ ಎಷ್ಟು ಮಕ್ಕಳು ಎಂಬುದು ಊರಿಗೆ ಗೊತ್ತಿರಲಿಲ್ಲ.

ಆ ವರ್ಷ ಹೊಳೆ ಬಂದು ಮುಲ್ಲಾನ ಮನೆ ಬಿತ್ತು. ಹೆಂಡತಿಯನ್ನೂ ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳನ್ನೂ ಅವನು ಒಂದು ಕಟ್ಟಿಗೆ ಅಡ್ಡೆಯ ತಗಡಿನ ಕೆಳಗೆ ಇಟ್ಟಿದ್ದ. ಮಗಳಿಗೆ ಎಂಟು ತಿಂಗಳು ತುಂಬಿತ್ತು. ಮೊಹರಮ್ಮಿಗೆ ಬಂದವನು ಗೌಡನನ್ನು ಕೇಳಿದ. ಮಸೂತಿ ಪಕ್ಕದಲ್ಲಿ ಗೌಡನದೇ ಒಂದು ಮನೆ ಬಹಳ ವರ್ಷದಿಂದ ಬೀಗ ಹಾಕಿಕೊಂಡು ಬಿದ್ದಿತ್ತು. ಅದನ್ನು ಬಾಡಿಗೆಗೆ ಕೊಟ್ಟರೆ ಮಾಳಿಗೆಯ ಸೋರಿಕೆ ತಾನೇ ಸರಿಮಾಡಿಸಿಕೊಳ್ಳುವುದಾಗಿ ಹೇಳಿದ. ಮಗಳ ಹೆರಿಗೆ ನಾಲ್ಕು ಗೋಡೆಯೊಳಗೆ ಆಗಲಿ ಎಂಬುದಷ್ಟೇ ಅವನ ಆಸೆ.

ಗೌಡ ಕೆಟ್ಟವನಲ್ಲ. ಇಲ್ಲ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ನಾಲ್ಕು ಜನರನ್ನು ಕೇಳುತ್ತೇನೆ ಎಂದ.

ಕಟ್ಟೆಯ ಮೇಲೆ ಮಾತಾಯಿತು. ಚೊಂಗೆ ತಂದಿದ್ದ ಒಬ್ಬ ಮುದುಕಿ, ಅವನ ದೇವರನ್ನು ಹೆಗಲ ಮೇಲೆ ಹೊರುವವರು ಅವನ ಬಸುರಿ ಮಗಳನ್ನು ಒಂದು ಮನೆಯಲ್ಲಿ ಇರಲು ಬಿಡಬಾರದೇ ಎಂದು ಕೇಳಿದಳು. ಕಟ್ಟೆಯ ಮೇಲಿದ್ದ ಒಬ್ಬ ಎಲೆ ಅಡಿಕೆ ಅಗಿಯುತ್ತ, “ದೇವ್ರು ಒಲಿ ಹಚ್ಚಂಗಿಲ್ಲ ಬೇ ಯಮ್ಮಾ” ಎಂದ. ಕೆಲವರು ನಕ್ಕರು. ಮುದುಕಿ ಚೊಂಗೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಎಂಟನೆಯ ದಿನ ವಿರೋಧ ಪಕ್ಷದ ನಾಯಕ ಬಂದ. ಇಸ್ಲಾಮನ್ನು ಬೈಯದೆ ಅವನ ಯಾವ ಭಾಷಣವೂ ಮುಗಿಯುತ್ತಿರಲಿಲ್ಲ. ಆ ಊರಿನ ಮೊಹರಂ ಮಾತ್ರ ಅವನಿಗೆ ನಮ್ಮ ಸಂಸ್ಕೃತಿಯಾಗಿತ್ತು. ಪಂಜಾಕ್ಕೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ. ಗೌಡ ಮನೆಯ ವಿಷಯ ಕೇಳಿದಾಗ, ಇವತ್ತು ಒಂದು ಮನೆ, ನಾಳೆ ಹತ್ತು, ಕೊಡಬೇಡ ಎಂದ. ಅಷ್ಟೇ ಹೇಳಿ ಕಾರು ಹತ್ತಿದ.

ಹತ್ತನೆಯ ದಿನ ಬೆಳಿಗ್ಗೆ ಮಂತ್ರಿ ಬಂದ. ತಲೆಗೆ ವಸ್ತ್ರ ಕಟ್ಟಿಕೊಂಡು ಪಂಜಾಕ್ಕೆ ಕೈಮುಗಿದ. ಇಸ್ಲಾಂ ಶಾಂತಿಯ ಧರ್ಮ, ಅದನ್ನು ದೇಶ ಈ ಊರಿನಿಂದ ಕಲಿಯಬೇಕು ಎಂದು ಭಾಷಣ ಮಾಡಿದ. ಗೌಡ ಅವನನ್ನೂ ಕೇಳಿದ. ಮಂತ್ರಿ ಮುಲ್ಲಾನನ್ನು ಕರೆಸಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ತನಗೆ ತಂದ ಚಹಾವನ್ನು ಮೊದಲು ಅವನ ಕೈಗೆ ಕೊಟ್ಟ. ಮಗಳ ಆರೋಗ್ಯ ವಿಚಾರಿಸಿದ. ಆಮೇಲೆ ಅರ್ಧ ಗಂಟೆ ಮಾತಾಡಿದ. ತಾನು ಪ್ರವಾದಿಯ ಜೀವನ ಚರಿತ್ರೆ ಓದಿದ್ದೇನೆ ಎಂದ. ಕಾಲ ಕೆಟ್ಟಿದೆ, ವಿರೋಧ ಪಕ್ಷದವರು ಇದನ್ನೇ ದೊಡ್ಡದು ಮಾಡುತ್ತಾರೆ ಎಂದ. ಈ ಊರಿನ ಸೌಹಾರ್ದ ಗಾಜಿನ ಹಾಗೆ ಇದೆ, ಅದು ಒಡೆದರೆ ಮೊದಲು ನೋಯುವವರು ನಿಮ್ಮವರೇ ಎಂದ. ಆದ್ದರಿಂದ ಈ ಮನೆಯ ಯೋಚನೆ ಬಿಡುವುದು ಒಳ್ಳೆಯದು ಎಂದ. ಹೇಳುವಷ್ಟು ಹೊತ್ತೂ ಅವನ ಕೈ ಮುಲ್ಲಾನ ಹೆಗಲ ಮೇಲಿತ್ತು.

“ಸಾಹೇಬ್ರ, ವರ್ಷಾ ಹತ್ತ ದಿನಾ ನಾ ಇಲ್ಲೇ ಇರ್ತೀನ್ರಿ. ಯಾರ ಮನಸ್ಸೂ ಕೆಟ್ಟಿಲ್ಲ” ಎಂದ ಮುಲ್ಲಾ.

“ಅದನ್ನೇ ನಾನೂ ಹೇಳೋದು, ಮುಲ್ಲಾಸಾಬ್” ಎಂದ ಮಂತ್ರಿ. “ಹತ್ತು ದಿನಕ್ಕೆ ಯಾರ ಮನಸ್ಸೂ ಕೆಡೋದಿಲ್ಲ.”

ಸರ್ಕಾರಿ ಮನೆಯ ಪಟ್ಟಿಗೆ ಹೆಸರು ಸೇರಿಸಲು ಹೇಳುತ್ತೇನೆ ಎಂದು ಮಂತ್ರಿ ಎದ್ದ. ಗೌಡನಿಗೆ ನಿರಾಳವಾಯಿತು. ಇಬ್ಬರು ನಾಯಕರೂ ಒಂದೇ ಮಾತು ಹೇಳಿದ್ದರು. ಒಬ್ಬನಿಗೆ ಒಂದು ವಾಕ್ಯ ಸಾಕಾಗಿತ್ತು, ಇನ್ನೊಬ್ಬನಿಗೆ ಅರ್ಧ ಗಂಟೆ ಬೇಕಾಗಿತ್ತು. ಮೊದಲನೆಯವನು ಕಟುಕ, ಎರಡನೆಯವನು ದೊಡ್ಡ ಮನಸ್ಸಿನವನು ಎಂದು ಊರು ತೀರ್ಮಾನಿಸಿತು. ಮುಲ್ಲಾ ಉಳಿದ ಸಕ್ಕರೆಯನ್ನು ಓದಿಕೊಟ್ಟ. ದೇವರ ಹಿಂದೆ ಹೊಳೆಯವರೆಗೆ ನಡೆದ. ಅಲ್ಲಿಂದಲೇ ಗಂಟು ಹೊತ್ತು ಬಸ್ಸು ಹತ್ತಿದ.

ಆ ತಿಂಗಳು ಮಗಳಿಗೆ ನೋವು ಬಂದದ್ದು ಮಧ್ಯಾಹ್ನ, ಅಡ್ಡೆಯಲ್ಲಿ ಲಾರಿಯಿಂದ ದಿಮ್ಮಿ ಇಳಿಸುತ್ತಿದ್ದ ಹೊತ್ತು. ಆಸ್ಪತ್ರೆಗೆ ಒಯ್ಯುವಷ್ಟು ವೇಳೆ ಸಿಗಲಿಲ್ಲ. ಹೆಂಡತಿ ಎರಡು ಸೀರೆ ಅಡ್ಡ ಕಟ್ಟಿದಳು. ಹಮಾಲರು ಕೆಲಸ ನಿಲ್ಲಿಸಿ, ಬೆನ್ನು ತಿರುಗಿಸಿ ಬೀದಿಯಲ್ಲಿ ನಿಂತರು. ಕೂಸು ಹುಟ್ಟಿತು. ಒಂಬತ್ತು ದಿನ ಇತ್ತು.

ಮರುವರ್ಷ ಗೌಡ ಹೇಳಿ ಕಳಿಸಿದ. ಮುಲ್ಲಾ ಬಂದ, ಹತ್ತು ದಿನ ಓದಿದ, ಹೋದ. ಪತ್ರಿಕೆಯಲ್ಲಿ ಮಂತ್ರಿ ಪಂಜಾ ಹಿಡಿದ ಚಿತ್ರ ಬಂತು. ಅದರ ಕೆಳಗೆ, ಮುಸಲ್ಮಾನರ ಮನೆ ಒಂದೂ ಇಲ್ಲದ ಊರಿನಲ್ಲಿ ಮೊಹರಂ ವೈಭವ ಎಂದು ಬರೆದಿತ್ತು.

ಕತೆ ಮುಗಿಯಿತು. ಮಂತ್ರಿಯನ್ನು ಪೂರ್ತಿ ಬಿಟ್ಟುಕೊಡಲು ಅಡಿವೆಪ್ಪನಿಗೆ ಮನಸ್ಸಿರಲಿಲ್ಲ.

“ಮಂತ್ರಿಗಳದೂ ಊರವರದೂ ಪೂರ್ತಿ ತಪ್ಪಿಲ್ಲ, ಅಜ್ಜಾರ” ಎಂದ. “ಆ ಊರಿಗೆ ಮುಸಲ್ಮಾನರು ಯಾರೂ ನೆಲೆಸಲು ಬಂದವರೇ ಅಲ್ಲ. ಇದ್ದಕ್ಕಿದ್ದಂತೆ ಒಬ್ಬ ಬಂದು ಮನೆ ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ.”

ಗುರುಗಳು ಹೇಳಿದರು: “ಆ ಊರಲ್ಲಿ ಮನೆ ಕೇಳಿದ ಮುಸಲ್ಮಾನರಲ್ಲಿ ಮುಲ್ಲಾ ಏಳನೆಯವನು.”