ನೇಕಾರನೂ ಇದ್ದಿಲ ಗೆರೆಯೂ

ಶಿಷ್ಯನು ಕೇಳಿದನು: “ಗುರುಗಳೇ, ಸೊಂಟನೋವಿನ ಗುಮಾಸ್ತರೊಬ್ಬರಿಗೆ ಮೂರು ವಾರಗಳಿಂದ ಭೌತಚಿಕಿತ್ಸೆ ಮಾಡುತ್ತಿದ್ದೇನೆ. ಅವರ ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿದುಹೋಗಿವೆ. ಮಲಗಿಸಿ ಕಾಲನ್ನು ನೆಟ್ಟಗೆ ಮೇಲೆತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ಹೆಗಲು ಕೊಟ್ಟು ಒತ್ತಿದರೆ ಚೀರುತ್ತಾರೆ. ನಿನ್ನೆ ಬರಲೇ ಇಲ್ಲ. ಇಷ್ಟು ದುಡಿದರೂ ಗೇಣುದ್ದ ಮುಂದೆ ಹೋಗದ ರೋಗಿಯನ್ನು ಏನು ಮಾಡಬೇಕು?”

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. “ವರ್ಷಕ್ಕೊಬ್ಬರಾದರೂ ಇದನ್ನು ಕೇಳುತ್ತೀರಿ. ಕುಳಿತುಕೊ” ಎಂದು ಹೇಳತೊಡಗಿದರು.

ಒಬ್ಬ ನೇಕಾರನಿದ್ದನು. ಕುಣಿಮಗ್ಗದವನು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮಂಡಿ ಮಡಿಸಿ, ಇಪ್ಪತ್ತು ವರ್ಷ ನೇಯ್ದಿದ್ದನು. ತೊಡೆಯ ಹಿಂಬದಿ ಬಿಗಿದು ಸೊಂಟವನ್ನು ಜಗ್ಗುತ್ತಿತ್ತು. ಕುಣಿಯಿಂದ ಅವನನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದರು. ಅವನಿಗೆ ಬೇರೆ ಕಸುಬು ತಿಳಿಯದು. ಮಗ್ಗ ನಿಂತರೆ ಮನೆ ನಡೆಯದು. ಒಬ್ಬ ಚಿಕಿತ್ಸಕನ ಬಳಿಗೆ ಹೋದನು.

ಚಿಕಿತ್ಸಕನು ಹೇಳಿದನು: “ಅಂಗಾತ ಮಲಗು. ಪಾದಕ್ಕೆ ಬಟ್ಟೆ ಸುತ್ತಿ ಹಿಡಿದು, ಮಂಡಿ ಬಾಗದಂತೆ ಒಂದು ಕಾಲನ್ನು ಮೇಲೆತ್ತು. ತೊಡೆಯ ಹಿಂದೆ ಸೆಳೆತ ತಿಳಿದೊಡನೆ ನಿಲ್ಲಿಸು. ಮೂವತ್ತು ಎಣಿಸಿ ಇಳಿಸು. ಎರಡು ಹೊತ್ತೂ ಮಾಡು.”

“ನೋವು ಸೊಂಟದಲ್ಲಿ, ಸ್ವಾಮಿ. ಕಾಲನ್ನು ಯಾಕೆ ಕಾಡುತ್ತೀರಿ?”

“ಬಟ್ಟೆ ಸೊಟ್ಟಗೆ ಬಂದರೆ ಬಟ್ಟೆಯನ್ನು ಬಡಿಯುತ್ತೀಯೋ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ನೋಡುತ್ತೀಯೋ?” ಎಂದು ಚಿಕಿತ್ಸಕನು ಗದರಿದನು.

ನೇಕಾರನು ಒಪ್ಪಿದನು. ಆದರೆ ಅವನ ಮನೆಯಲ್ಲಿ ಒಂದು ರೂಢಿಯಿತ್ತು. ಸಂಜೆಯೊಳಗೆ ಎಷ್ಟು ನೇಯಬೇಕೋ ಅಷ್ಟಕ್ಕೆ ಬೆಳಿಗ್ಗೆಯೇ ಹಾಸಿನ ಅಂಚಿನಲ್ಲಿ ಇದ್ದಿಲಿನಿಂದ ಗೆರೆ ಹಾಕುವರು. ಗೆರೆ ಮುಟ್ಟದೆ ಏಳುವಂತಿಲ್ಲ. ಕಾಲಿಗೂ ಅವನು ಅದನ್ನೇ ಮಾಡಿದನು. ಮಲಗುವ ಜಾಗದ ಪಕ್ಕದ ಗೋಡೆಗೆ ಗೆರೆ ಎಳೆದನು. ದಿನಕ್ಕೊಂದು ಬೆರಳಷ್ಟು ಮೇಲೆ.

ಮೊದಲ ವಾರ ಕಾಲು ಗೆರೆ ಮುಟ್ಟಿತು. ಎರಡನೆಯ ವಾರ ಮುಟ್ಟಲಿಲ್ಲ. ಬಟ್ಟೆಯನ್ನು ಜಗ್ಗಿ ಮುಟ್ಟಿಸಿದನು. ಮೂರನೆಯ ವಾರ ಜಗ್ಗಿದರೂ ಏರಲಿಲ್ಲ. ಸೊಂಟವನ್ನೇ ನೆಲದಿಂದ ಎತ್ತಿ ಮುಟ್ಟಿಸಿದನು.

“ತೊಡೆ ಇದ್ದಲ್ಲೇ ಇದೆ, ನಡು ಮಾತ್ರ ಬಿಲ್ಲಾಗಿದೆ” ಎಂದಳು ಹೆಂಡತಿ.

“ಗೆರೆ ಮುಟ್ಟಿತೋ ಇಲ್ಲವೋ, ಅಷ್ಟು ಹೇಳು!”

ಇಪ್ಪತ್ತನೆಯ ದಿನವೂ ಮುಟ್ಟಿತು. ಆದರೆ ಅಂದು ನೇಕಾರನು ಏಳಲಿಲ್ಲ. ಮನೆಯವರು ಮಂಚದ ಮೇಲೆ ಮಲಗಿಸಿ ಚಿಕಿತ್ಸಕನ ಬಳಿಗೆ ಹೊತ್ತು ತಂದರು.

“ಸೆಳೆತ ತಿಳಿದೊಡನೆ ನಿಲ್ಲಿಸು ಎಂದೆನಲ್ಲವೋ ಮಾರಾಯ! ಗೆರೆ ಎಳೆ ಎಂದೆನೇ?” ಎಂದು ಚಿಕಿತ್ಸಕನು ಕೂಗಿದನು.

“ಗೆರೆಯಿಲ್ಲದಿದ್ದರೆ ಆ ದಿನದ ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ, ಸ್ವಾಮಿ?”

ಚಿಕಿತ್ಸಕನು ಹಣೆ ಚಚ್ಚಿಕೊಂಡನು. ಆ ವರ್ಷವಿಡೀ ನೇಕಾರನು ಕುಣಿಗೆ ಇಳಿಯಲಿಲ್ಲ.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. “ಎಂಥ ಮೂಢ, ಗುರುಗಳೇ! ಮೈಯ ಮಾತಿಗಿಂತ ಗೋಡೆಯ ಗೆರೆ ಹೆಚ್ಚಾಯಿತೇ ಅವನಿಗೆ?”

ಗುರುಗಳು ಹೇಳಿದರು: “ಅವನು ಬಲವಂತ ಮಾಡಿದ್ದು ತನ್ನ ಕಾಲಿಗೆ.”

ಶಿಷ್ಯನು ಗುಮಾಸ್ತರ ಕಾಲಿಗೆ ಕೊಡುತ್ತಿದ್ದ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡನು.