ಹುಣಸೆಹಣ್ಣಿಗೆ ಬಗ್ಗದ ಕಲ್ಲು

ಘಟಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿನ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜ, ಹಿಂದೆ ಕಾಲೇಜಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಆಸನದ ಪಕ್ಕ ಒಂದು ಕರಿಕಲ್ಲಿತ್ತು. ಆಕಾಶದಿಂದ ಜೋಳದ ಹೊಲಕ್ಕೆ ಬಿದ್ದದ್ದು.

ಮಗ ತೀರಿಕೊಂಡ ವರ್ಷ ನೀಲವ್ವ ಅಲ್ಲಿಗೆ ಬಂದು ಶಿಷ್ಯೆಯಾದಳು. ಊರಲ್ಲಿ ಗಂಡನಿದ್ದ, ಏಳು ವರ್ಷದ ಮಗಳಿದ್ದಳು. ತಾನು ಮೊದಲಿನ ಹಾಗೆ ಆಗುವತನಕ ಮನೆಗೆ ಕಾಲಿಡುವುದಿಲ್ಲ ಎಂದು ಇವಳ ಹಟ. ಹಟ ಅಂದರೆ ಹಟ! ಗಂಡ ನಾಲ್ಕು ಸಲ ಕರೆಯಲು ಬಂದು, ಬಂದ ದಾರಿಗೆ ಸುಂಕವಿಲ್ಲದಂತೆ ಹೋದ.

ಒಂದು ಬೆಳಿಗ್ಗೆ ನೀಲವ್ವ ಆ ಕಲ್ಲನ್ನು ಹೊಳೆಗೆ ಒಯ್ದು, ತಾಮ್ರದ ಕೊಡ ತಿಕ್ಕುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಕರಿ ಸಿಪ್ಪೆ ಅಲ್ಲಲ್ಲಿ ಎದ್ದಿತೇ ಹೊರತು ಹೊಳಪು ಬರಲಿಲ್ಲ.

ಅಜ್ಜ ನೋಡಿ ನಕ್ಕುಬಿಟ್ಟರು. "ಅಯ್ಯಯ್ಯ! ಏನ್ ಮಾಡಾಕತ್ತೀಯವ್ವಾ?"

"ಕರ್ರಗ ಆಗೇತ್ರಿ ಅಜ್ಜಾರ. ಮೊದಲಿನಂಗ ಆಗ್ಲಿ ಅಂತ ತಿಕ್ಕಾಕತ್ತೀನ್ರಿ."

"ಮೊದಲಂದ್ರ ಯಾವಾಗಿಂದು?"

ನೀಲವ್ವ ತಿಕ್ಕುವುದು ಬಿಟ್ಟು ಕಲ್ಲನ್ನು ಹೊರಳಿಸಿ ನೋಡಿದಳು.

"ಆ ಕರಿ ಬೀಳುವಾಗ ನಮ್ಮ ಗಾಳ್ಯಾಗ ಸುಟ್ಟಿದ್ದು, ಬರೇ ಮ್ಯಾಲಿಂದು. ಒಳಗಿಂದು ಬ್ಯಾರೆ ಐತಿ. ಅಲ್ಲಿ ಮ್ಯಾಲ ಆಕಾಶದ ಬಯಲಾಗ ತಿರುಗುವಾಗ ಇದಕ್ಕ ನಮಗಿದ್ದಂಗ ಗಾಳಿ ಮರೆ ಇರಲಿಲ್ಲ, ಏನೂ ಇರಲಿಲ್ಲ. ಕಣ್ಣಿಗೆ ಕಾಣದ ಕಣ ಬಂದು ಬಂದು ಬಡದಾವ. ಪೆಟ್ಟು ತಿಂದ ಪರಮಾಣು ಒಡದು, ಬ್ಯಾರೆ ಪರಮಾಣುನ ಆಗೇತಿ."

"ತಿರುಗಿ ಮೊದಲಿನಂಗ ಆಗಂಗಿಲ್ಲೇನ್ರಿ?"

"ಇಲ್ಲವ್ವಾ."

ನೀಲವ್ವನಿಗೆ ಅಳು ಉಕ್ಕಿ ಬಂತು. ಅವಳು ಕೇಳಿದ್ದು ಕಲ್ಲಿನ ಮಾತಲ್ಲ ಎಂದು ಅಜ್ಜನಿಗೆ ಗೊತ್ತಿತ್ತು. ಅಳು ಮುಗಿಯುವತನಕ ಪಕ್ಕದಲ್ಲೇ ಕೂತರು.

"ಹಂಗಾರ ಇದು ಕೆಟ್ಟುಹೋತ್ರಿ," ಅಂದಳು.

"ಕೆಟ್ಟಿದ್ರ ನಾ ಯಾಕ ಇಟ್ಕೊಂತಿದ್ದೆ? ಆ ಬದಲಾದ ಪರಮಾಣು ನೋಡೇ ತಿಳಿದವರು, ಇದು ಎಷ್ಟು ಕಾಲ ಬಯಲಾಗ ಪೆಟ್ಟು ತಿಂದೈತಿ ಅಂತ ಹೇಳ್ತಾರ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರ ಮಗಳು ಮೊದಲಿನ ಅವ್ವನ್ನ ಕಾಯಾಕತ್ತಾಳ್ರಿ. ಇಂಥಾಕಿ ಹೋಗಿ ಆಕಿ ಮುಂದ ಹೆಂಗ ನಿಲ್ಲಲಿ?"

ಅಜ್ಜ ಕಲ್ಲನ್ನು ನೀರಿನಲ್ಲಿ ತೊಳೆದು, ಅಂಟಿದ ಹುಣಸೆ ನಾರು ತೆಗೆದು, ಅವಳ ಉಡಿಗೆ ಹಾಕಿದರು.

"ತನ್ನ ಅಣ್ಣ ಹೋದಾಗ ಆಕಿನೂ ನಿನ್ನಂಗ ಆ ಬಯಲಾಗ ಇದ್ಲಲ್ಲವ್ವಾ. ಆಕಿ ಮೊದಲಿನಂಗ ಅದಾಳೇನು?"